ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಲಂದದ ಅವಶೇಷ ನೋಡುವ ಮುನ್ನ

ಬಿಹಾರದ ನಾಲಂದ ಮಹಾವಿಹಾರ ನೋಡಲು ಹೊರಟಿರುವ, ನೋಡಿ ಬಂದು ಗೊಂದಲದಲ್ಲಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಕಾಶಿ–ಗಯಾ ಟೂರಿನವರು ನಾಲಂದಕ್ಕೆ 45 ನಿಮಿಷ ಕೊಟ್ಟಿದ್ದಾರೆ. ಸಾಕಾಗುತ್ತದೆಯೇ? — ದಾವಣಗೆರೆಯ ಓದುಗರು

ಸಾಲದು. ಗೇಟಿನಿಂದ ಒಳಗೆ ನಡೆದು, ದೊಡ್ಡ ಸ್ತೂಪದ ಮುಂದೆ ಗ್ರೂಪ್ ಫೋಟೊ ತೆಗೆಸಿಕೊಂಡು ಬಸ್ಸಿಗೆ ವಾಪಸ್ ಬರಲು 45 ನಿಮಿಷ ಹಿಡಿಯುತ್ತದೆ. ಟೂರಿನವರು ಲೆಕ್ಕ ಹಾಕಿರುವುದೂ ಅಷ್ಟಕ್ಕೇ. ಅವಶೇಷಗಳಿಗೆ ಎರಡು ಗಂಟೆ, ರಸ್ತೆಯಾಚೆಯ ಮ್ಯೂಸಿಯಂಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಹೋಗುವ ಮೊದಲು ಜಾಗದ ನಕ್ಷೆಯೊಂದು ತಲೆಯಲ್ಲಿರಲಿ. ಅಗೆದು ತೆಗೆದಿರುವ ಭಾಗ ಉತ್ತರ–ದಕ್ಷಿಣವಾಗಿ ಸುಮಾರು 490 ಮೀಟರ್, ಪೂರ್ವ–ಪಶ್ಚಿಮವಾಗಿ ಸುಮಾರು 245 ಮೀಟರ್. ನಡುವೆ 30 ಮೀಟರಿನಷ್ಟು ಅಗಲದ ದಾರಿ. ಅದರ ಪೂರ್ವಕ್ಕೆ ಭಿಕ್ಷುಗಳು ವಾಸವಿದ್ದ ವಿಹಾರಗಳ ಸಾಲು, ಪಶ್ಚಿಮಕ್ಕೆ ಪೂಜೆಯ ಚೈತ್ಯಗಳ ಸಾಲು. ವಿಹಾರಗಳ ಬಾಗಿಲು ಪಶ್ಚಿಮಕ್ಕೆ, ಚೈತ್ಯಗಳದು ಪೂರ್ವಕ್ಕೆ. ಅಗ್ರಹಾರದ ಬೀದಿಯಲ್ಲಿ ಮನೆಗಳು ಎದುರುಬದುರು ಕೂತಂತೆ ಎಂದುಕೊಳ್ಳಿ, ಒಂದು ಬದಿ ವಾಸಕ್ಕೆ, ಇನ್ನೊಂದು ಬದಿ ಪೂಜೆಗೆ. ಒಟ್ಟು 11 ವಿಹಾರ, ಇಟ್ಟಿಗೆಯ 6 ದೊಡ್ಡ ಚೈತ್ಯ. ಬೋರ್ಡಿನ ಮೇಲಿರುವ ಸಂಖ್ಯೆಗಳು ಪುರಾತತ್ವ ಇಲಾಖೆ ಕೊಟ್ಟ ಸೈಟ್ ನಂಬರುಗಳು. ವಿಹಾರ, ಚೈತ್ಯ ಎರಡಕ್ಕೂ ಒಂದೇ ಸರಣಿ ಇರುವುದರಿಂದ ‘3’ ಎಂದರೆ ಮೂರನೆಯ ವಿಹಾರವಲ್ಲ, ದೊಡ್ಡ ಸ್ತೂಪ.

ಪೂರ್ವದ ಕಡೆಯಿಂದ ಒಳಗೆ ಬಂದು ನಡುದಾರಿ ಸೇರಿದಾಗ ಸ್ತೂಪ ಎಡಕ್ಕೆ, ದಕ್ಷಿಣದ ತುದಿಯಲ್ಲಿ ಕಾಣುತ್ತದೆ. ಎಲ್ಲರೂ ಅತ್ತ ಓಡುತ್ತಾರೆ. ಬೆಳಿಗ್ಗೆ ಹೋದರೆ ನೀವೂ ಮೊದಲು ಅಲ್ಲಿಗೇ ಹೋಗಿ. ಸ್ತೂಪದ ಪೂರ್ವ ಬದಿಯ ಗಾರೆಮೂರ್ತಿಗಳ ಮೇಲೆ ಆಗಷ್ಟೇ ಬಿಸಿಲು ಬೀಳುತ್ತಿರುತ್ತದೆ. ಆಮೇಲೆ 1ನೇ ವಿಹಾರ, ಅಲ್ಲಿಂದ ಪೂರ್ವದ ಸಾಲು ಹಿಡಿದು ಉತ್ತರಕ್ಕೆ ನಡೆಯಿರಿ. 7 ಮತ್ತು 8ನೇ ವಿಹಾರಗಳ ಹಿಂದೆ, ಪೂರ್ವಕ್ಕೆ, 2ನೇ ಚೈತ್ಯ ಒಂಟಿಯಾಗಿ ನಿಂತಿದೆ, ಅದನ್ನು ಬಿಡಬೇಡಿ. ವಾಪಸ್ ಬರುವಾಗ ಪಶ್ಚಿಮದ ಸಾಲಿನ 14, 13, 12 ನೋಡಿಕೊಂಡು ಬನ್ನಿ.

ಟೂರಿನವರು ಒಂದು ನಿಮಿಷವೂ ಹೆಚ್ಚು ಕೊಡದಿದ್ದರೆ ಸ್ತೂಪ ಮತ್ತು 1ನೇ ವಿಹಾರ ಎರಡನ್ನೇ ನೋಡಿ. ಎರಡೂ ಒಂದೇ ತುದಿಯಲ್ಲಿವೆ. ಹನ್ನೊಂದರಲ್ಲೂ ಇಣುಕಿ ಬರುವುದಕ್ಕಿಂತ ಒಂದು ವಿಹಾರವನ್ನು ಸರಿಯಾಗಿ ನೋಡುವುದು ಮೇಲು.

ಹೋಗಿ ಬಂದೆವು. ಎಲ್ಲಿ ನೋಡಿದರೂ ಒಂದೇ ಥರದ ಇಟ್ಟಿಗೆ ಕೋಣೆಗಳು. ಗೈಡ್ ‘ಇದು ಕ್ಲಾಸ್‌ರೂಮ್, ಇದು ಹಾಸ್ಟೆಲ್’ ಎಂದು ಹೇಳುತ್ತಾ ಹೋದರು. ಇದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? — ಹಾಸನ, ತುಮಕೂರಿನ ಓದುಗರು

ತೊಟ್ಟಿ ಮನೆ ನೋಡಿದವರಿಗೆ ವಿಹಾರ ಅರ್ಥವಾಗಲು ಐದು ನಿಮಿಷ ಸಾಕು. ನಡುವೆ ಬಯಲು ಅಂಗಳ, ಸುತ್ತ ಪಡಸಾಲೆ, ಪಡಸಾಲೆಯ ಹಿಂದೆ ನಾಲ್ಕೂ ಕಡೆ ಕೋಣೆಗಳು, ಹೊರಗಿನಿಂದ ಒಳಗೆ ಬರಲು ಒಂದೇ ಬಾಗಿಲು. ಆ ಬಾಗಿಲಿಗೆ ನೇರ ಎದುರಿನ ಕೋಣೆ ಉಳಿದವಕ್ಕಿಂತ ದೊಡ್ಡದಿದ್ದರೆ ಅದು ಬುದ್ಧನ ಗುಡಿ. ತೊಟ್ಟಿ ಮನೆಯ ದೇವರ ಕೋಣೆಯ ಹಾಗೆ.

ಒಳಗೆ ಹೋದವರು ಸಾಮಾನ್ಯವಾಗಿ ತಲೆ ಎತ್ತಿ ನೋಡುತ್ತಾರೆ. ಮೇಲೆ ಏನೂ ಇಲ್ಲ, ಚಾವಣಿ ಯಾವತ್ತೋ ಹೋಗಿದೆ. ನೋಡಬೇಕಾದ್ದೆಲ್ಲ ಮೊಣಕಾಲಿನ ಮಟ್ಟಕ್ಕಿಂತ ಕೆಳಗಿದೆ.

ಮೊದಲು ಅಂಗಳದ ಮೂಲೆಗಳಿಗೆ ಹೋಗಿ. ಒಂದು ಮೂಲೆಯಲ್ಲಿ ಗೋಡೆಯ ಬುಡ ತೂರಿ ಹೊರಗೆ ಹೋಗುವ ಕಾಲುವೆ ಇರುತ್ತದೆ. ಮಳೆ ನೀರೂ ಬಳಸಿದ ನೀರೂ ಅಲ್ಲಿಂದಲೇ ಹೋಗುತ್ತಿದ್ದವು. ಕೆಲವರು ಇದನ್ನೇ ‘ಗುಪ್ತ ಸುರಂಗ’ ಎಂದು ತೋರಿಸುವುದುಂಟು. ಅಂಗಳದಲ್ಲಿ ಬಾವಿ ಹುಡುಕಿ. 6ನೇ ವಿಹಾರದ ಮೇಲಿನ ಅಂಗಳದಲ್ಲಿ ಒಲೆಗಳ ಎರಡು ಸಾಲಿವೆ, 9ನೆಯದರಲ್ಲೂ ಒಲೆಗಳಿವೆ. ಅಡುಗೆಯೋ, ಔಷಧ ಕುದಿಸುತ್ತಿದ್ದರೋ, ಬಣ್ಣ ಕಾಯಿಸುತ್ತಿದ್ದರೋ ಎಂದು ಒಬ್ಬೊಬ್ಬ ಗೈಡ್ ಒಂದೊಂದು ಹೇಳುತ್ತಾರೆ. ನೀವು ಒಲೆ ಎಂದಷ್ಟೇ ನೋಡಿಕೊಳ್ಳಿ.

ಆಮೇಲೆ ಯಾವುದಾದರೂ ಒಂದು ಕೋಣೆಯ ಹೊಸ್ತಿಲಲ್ಲಿ ನಿಲ್ಲಿ. ಏಳನೇ ಶತಮಾನದ ಕೊನೆಯಲ್ಲಿ ಇಲ್ಲಿ ಹತ್ತು ವರ್ಷ ಇದ್ದ ಚೀನೀ ಭಿಕ್ಷು ಇತ್ಸಿಂಗ್, ಕೋಣೆಗಳು ಸುಮಾರು ಹತ್ತು ಅಡಿ ಚೌಕ ಎಂದು ಬರೆದಿದ್ದಾನೆ. ಅಳತೆ ಟೇಪ್ ಬೇಡ, ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆ ಇಟ್ಟರೆ ಲೆಕ್ಕ ಸಿಗುತ್ತದೆ. ಕೆಲವು ಕೋಣೆಗಳಲ್ಲಿ ಗೋಡೆಗೆ ಸೇರಿಸಿದ ಮಲಗುವ ಕಟ್ಟೆ ಇದೆ, ಪಕ್ಕದಲ್ಲಿ ದೀಪವೋ ಓಲೆಗರಿಯೋ ಇಡುವಂಥ ಗೂಡು. ಗೋಡೆಯ ದಪ್ಪ ಗಮನಿಸಿ: 1ನೇ ವಿಹಾರದಲ್ಲಿ ಆರೂವರೆ ಅಡಿ, ಕೆಲವೆಡೆ ಇನ್ನೂ ಹೆಚ್ಚು. ಒಂದೇ ಅಂತಸ್ತಿನ ಕಟ್ಟಡಕ್ಕೆ ಯಾರೂ ಇಷ್ಟು ದಪ್ಪ ಗೋಡೆ ಎಬ್ಬಿಸುವುದಿಲ್ಲ. ಮೂಲೆಯಲ್ಲಿ ಮೆಟ್ಟಿಲು ಸಿಕ್ಕರೆ ಮೇಲೆ ಮಹಡಿ ಇತ್ತೆಂಬುದಕ್ಕೆ ಸಾಕ್ಷಿ ಅಲ್ಲೇ ಇದೆ.

ಇನ್ನು ಬಹುತೇಕರು ಎಡವುವ ವಿಷಯ. ಅಂಗಳದ ಒಂದು ಭಾಗದ ನೆಲ ಕೆಳಗೆ, ಇನ್ನೊಂದು ಭಾಗದ್ದು ಆಳೆತ್ತರ ಮೇಲೆ. ಗೋಡೆಯ ಅರ್ಧದಲ್ಲಿ ಒಂದು ಹೊಸ್ತಿಲು ನೇತಾಡುತ್ತಿದೆ. ‘ಕೆಳಗಿನದು ಗ್ರೌಂಡ್ ಫ್ಲೋರ್, ಮೇಲಿನದು ಫಸ್ಟ್ ಫ್ಲೋರ್’ ಎಂದುಕೊಂಡು ಮುಂದೆ ಹೋಗುತ್ತಾರೆ. ಹಾಗಲ್ಲ. ಒಂದು ಕಟ್ಟಡ ಶಿಥಿಲವಾದಾಗಲೋ ಸುಟ್ಟಾಗಲೋ ಅದನ್ನು ಕೆಡವಿ ಸಾಗಿಸುತ್ತಿರಲಿಲ್ಲ. ಅವಶೇಷವನ್ನೇ ತುಂಬಿ ಮಟ್ಟ ಮಾಡಿ, ಹಳೆಯ ಗೋಡೆಗಳ ನೆತ್ತಿಯ ಮೇಲೇ ಅದೇ ನಕ್ಷೆಯಲ್ಲಿ ಹೊಸದು ಎಬ್ಬಿಸುತ್ತಿದ್ದರು. 1ನೇ ವಿಹಾರದಲ್ಲಿ ಇಂಥ ಒಂಬತ್ತು ಹಂತ ಗುರುತಿಸಿದ್ದಾರೆ. ಅಗೆದವರು ಒಂದು ಕಡೆ ಮೇಲಿನ ಹಂತವನ್ನು ಹಾಗೇ ಬಿಟ್ಟು, ಇನ್ನೊಂದು ಕಡೆ ಕೆಳಗಿನದರವರೆಗೆ ಇಳಿದರು. ನೀವು ನೋಡುತ್ತಿರುವ ಎರಡು ನೆಲಗಳ ನಡುವೆ ಶತಮಾನಗಳಿವೆ. ಮೇಲಿನ ನೆಲದಲ್ಲಿ ನಡೆದವರ ಕಾಲಕ್ಕೆ ಕೆಳಗಿನದು ಮಣ್ಣಿನಡಿ ಇತ್ತು.

ಹೊಸ್ತಿಲು, ಕಾಲುವೆಯ ಬಾಯಿ, ನೆಲದ ಗಾರೆ, ಈ ಮೂರೂ ಒಂದೇ ಮಟ್ಟದಲ್ಲಿ ಕೂಡಿದ ಕಡೆ ಒಂದು ಕಾಲದ ಮನೆ ಎಂದು ತಿಳಿಯಿರಿ. ಮಟ್ಟ ತಪ್ಪಿದರೆ ಅದು ಬೇರೆ ಕಾಲ.

ಕ್ಲಾಸ್‌ರೂಮ್, ಹಾಸ್ಟೆಲ್ ಎಂಬ ಹೆಸರುಗಳು ಇಂದಿನ ನಮ್ಮ ಅನುಕೂಲಕ್ಕೆ ಇಟ್ಟವು. ಊಟ, ಪಾಠ, ಪೂಜೆ, ನಿದ್ದೆ ಎಲ್ಲವೂ ಒಂದೇ ತೊಟ್ಟಿಯ ಸುತ್ತ ನಡೆಯುತ್ತಿದ್ದ ಕಟ್ಟಡಕ್ಕೆ ಇಂಥ ಚೀಟಿ ಅಂಟಿಸುವುದು ಕಷ್ಟ.

ದೊಡ್ಡ ಸ್ತೂಪ ಹತ್ತಲು ಬಿಡುತ್ತಾರೆಯೇ? — ಹುಬ್ಬಳ್ಳಿ

ಬಿಡುವುದಿಲ್ಲ. ಸುತ್ತು ಬರಬಹುದು. ಸುಮಾರು 31 ಮೀಟರ್ ಎತ್ತರದ ಈ ಗುಡ್ಡೆ ಒಂದೇ ಸಲ ಕಟ್ಟಿದ್ದಲ್ಲ. ಒಂದರ ಮೇಲೊಂದು ಹೊದಿಕೆ ಹಾಕಿದಂತೆ ಏಳು ಸಲ ಬೆಳೆದಿದೆ. ಮೊದಲಿನವು ಚಿಕ್ಕವು, ಈಗ ಹೊಟ್ಟೆಯೊಳಗಿವೆ. ಮೂಲೆಗೋಪುರಗಳು ಐದನೆಯ ಹಂತದವು. ಅವುಗಳ ಗೂಡುಗಳಲ್ಲಿ ಬುದ್ಧ, ಬೋಧಿಸತ್ತ್ವರ ಗಾರೆಮೂರ್ತಿಗಳು ಸಾಲಾಗಿ ಕೂತಿವೆ. ಇಟ್ಟಿಗೆಯಲ್ಲಿ ಒರಟಾಗಿ ಆಕಾರ ಕೂಡಿಸಿ ಮೇಲೆ ಸುಣ್ಣಗಾರೆ ಮೆತ್ತಿ ತಿದ್ದಿದ್ದು. ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆ ಕಾಣುತ್ತದೆ. ಮಾಡಿದ ಬಗೆ ತಿಳಿಯಲು ಚೆನ್ನಾಗಿ ಉಳಿದ ಮೂರ್ತಿಗಿಂತ ಮುರಿದದ್ದೇ ಹೆಚ್ಚು ಉಪಯೋಗ.

ಸ್ತೂಪದ ಸುತ್ತ ಕಿಕ್ಕಿರಿದಿರುವ ಸಣ್ಣಪುಟ್ಟವು ಭಕ್ತರು ಕಟ್ಟಿಸಿದ ಹರಕೆ ಸ್ತೂಪಗಳು. ಅವುಗಳಲ್ಲೊಂದರ ಒಳಗೆ ಪ್ರತೀತ್ಯಸಮುತ್ಪಾದದ (ಎಲ್ಲವೂ ಕಾರಣಗಳಿಂದ ಹುಟ್ಟುತ್ತದೆಂಬ ಬೌದ್ಧ ತತ್ತ್ವದ) ಸೂತ್ರ ಬರೆದ ಇಟ್ಟಿಗೆ ಸಿಕ್ಕಿತು. ಅದರಲ್ಲಿ ಗುಪ್ತ ಶಕೆಯ 197ನೇ ವರ್ಷ, ಅಂದರೆ ಕ್ರಿ.ಶ. 516–17 ಎಂದು ಕಾಲವೂ ಇದೆ. ಹಾಗಾಗಿ ಆ ಹೊತ್ತಿಗಾಗಲೇ ಜಾಗ ತುಂಬತೊಡಗಿತ್ತು ಎನ್ನಲು ಅಡ್ಡಿಯಿಲ್ಲ. ಇವುಗಳ ಮೇಲೆ ಕೂರಬೇಡಿ, ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಬೇಡಿ. ಅಂಚಿನ ಒಂದು ಇಟ್ಟಿಗೆ ಸಡಿಲವಾದರೆ ಮುಂದಿನ ಮಳೆಗೆ ನೀರು ಒಳಗೆ ಇಳಿದು ಪಕ್ಕದ ನಾಲ್ಕು ಜಾರುತ್ತವೆ.

ಇಟ್ಟಿಗೆಗಳೆಲ್ಲ ಹೊಸದರಂತೆ ಕಾಣುತ್ತವೆ. ಅಸಲಿ ಎಷ್ಟು, ರಿಪೇರಿ ಎಷ್ಟು? — ಮೈಸೂರಿನ ನಿವೃತ್ತ ಎಂಜಿನಿಯರ್

ಅನುಮಾನ ಸರಿಯಾಗಿದೆ. ಪುರಾತತ್ವ ಇಲಾಖೆ 1915ರಿಂದ 1937ರವರೆಗೆ, ಮತ್ತೆ 1974ರಿಂದ 1982ರವರೆಗೆ ಇಲ್ಲಿ ಅಗೆಯಿತು. ಮಣ್ಣಿನಡಿ ಇದ್ದಷ್ಟು ಕಾಲ ಇಟ್ಟಿಗೆಗೆ ತೊಂದರೆ ಇರಲಿಲ್ಲ. ಹೊರಬಂದ ಮೇಲೆ ಮಳೆ, ಬಿಸಿಲು, ಬೇರು, ಉಪ್ಪು ಎಲ್ಲ ಶುರುವಾದವು. ಗೋಡೆಯ ನೆತ್ತಿ ತೆರೆದಿದ್ದರೆ ನೀರು ನೇರ ಒಳಗೆ ಇಳಿಯುತ್ತದೆ. ಆದ್ದರಿಂದ ನೆತ್ತಿಯ ಮೇಲೆ ಹೊಸ ಇಟ್ಟಿಗೆ ಸಾಲುಗಳನ್ನು ಕೂರಿಸಿ ಮುಚ್ಚಿದರು, ಕುಸಿದ ಮುಖಗಳಿಗೆ ಹೊಸ ಇಟ್ಟಿಗೆ ಹೊದಿಸಿದರು.

ಗುರುತಿಸಲು ಗೋಡೆಯ ಮೇಲಿನ ಅಂಚು ಬಿಟ್ಟು ಬುಡ ನೋಡಿ. ಹಳೆಯ ಕೆಲಸದಲ್ಲಿ ಸಂದು ಬಹಳ ಕಿರಿದು, ಇಟ್ಟಿಗೆ ಇಟ್ಟಿಗೆಗೆ ತಾಗಿ ಕೂತಂತೆ. ಮೈ ಸವೆದು ಬಣ್ಣ ಒಂದೇ ಸಮ ಇರುವುದಿಲ್ಲ. ರಿಪೇರಿಯಲ್ಲಿ ಬಣ್ಣ ಒಂದೇ, ಅಂಚು ಚೂಪು, ಸಂದಿನಲ್ಲಿ ಗಾರೆ ಎದ್ದು ಕಾಣುತ್ತದೆ. ಬಾಗಿಲುಗಳ ಮೇಲಿನ ತೊಲೆ ಮೂಲದಲ್ಲಿ ಮರದ್ದು. ಈಗಿರುವವು ನಂತರ ಕೂರಿಸಿದವು. 10ನೇ ವಿಹಾರದಲ್ಲಿ ಮಾತ್ರ ತೊಲೆಯ ಬದಲು ಇಟ್ಟಿಗೆಯ ಕಮಾನು ಬಳಸಿದ್ದಾರೆ, ಎಂಜಿನಿಯರಾದ ನಿಮಗೆ ಇಷ್ಟವಾಗಬಹುದು.

ರಿಪೇರಿಯ ಸಂಶಯವಿಲ್ಲದ ಕಲ್ಲಿನ ಕೆಲಸ ಬೇಕೆಂದರೆ 2ನೇ ಚೈತ್ಯಕ್ಕೆ ಹೋಗಿ. ಅದರ ಪೀಠದ ಸುತ್ತ 211 ಉಬ್ಬುಶಿಲ್ಪದ ಫಲಕಗಳು: ಶಿವ–ಪಾರ್ವತಿ, ಕಾರ್ತಿಕೇಯ, ಕಿನ್ನರರು, ಬಳ್ಳಿ, ಜ್ಯಾಮಿತಿಯ ಮಾದರಿಗಳು. ಬೌದ್ಧ ಮಹಾವಿಹಾರದ ನಡುವೆ ಶಿವ ಏಕೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

13ನೇ ಚೈತ್ಯದ ಹತ್ತಿರ ಏನೋ ಗೂಡಿನಂಥದ್ದು ಇದೆ. ಏನದು? — ಚನ್ನಪಟ್ಟಣ

ಲೋಹ ಕರಗಿಸುವ ಕುಲುಮೆ. ಚೈತ್ಯದ ಉತ್ತರಕ್ಕೆ ಇಟ್ಟಿಗೆಯಲ್ಲಿ ಕಟ್ಟಿದ ನಾಲ್ಕು ಗೂಡುಗಳು. ಅಗೆದಾಗ ಸುಟ್ಟ ಲೋಹದ ಚೂರು, ಕಿಟ್ಟ ಸಿಕ್ಕವು. ನಾಲಂದದ ಕಂಚಿನ ಮೂರ್ತಿಗಳಿಗೆ ದೊಡ್ಡ ಹೆಸರಿದೆ. ಮೂರ್ತಿಗಳನ್ನು ಮ್ಯೂಸಿಯಂನಲ್ಲಿ ನೋಡುವ ಮೊದಲು ಈ ಕುಲುಮೆಯ ಮುಂದೆ ಎರಡು ನಿಮಿಷ ನಿಂತರೆ ಒಳ್ಳೆಯದು. ಹೆಚ್ಚಿನವರು ಇದನ್ನು ದಾಟಿಕೊಂಡೇ ಹೋಗುತ್ತಾರೆ.

90 ಲಕ್ಷ ಪುಸ್ತಕಗಳು ಮೂರು ತಿಂಗಳು ಉರಿದವು ಎನ್ನುತ್ತಾರೆ. ಗ್ರಂಥಾಲಯ ಇದ್ದ ಜಾಗ ಯಾವುದು? — ಹಲವು ಓದುಗರು

ಅಗೆದ ಕಟ್ಟಡಗಳಲ್ಲಿ ‘ಇದೇ ಗ್ರಂಥಾಲಯ’ ಎಂದು ಖಚಿತವಾಗಿ ಗುರುತಿಸಿದ್ದು ಒಂದೂ ಇಲ್ಲ. ರತ್ನಸಾಗರ, ರತ್ನೋದಧಿ, ರತ್ನರಂಜಕ ಎಂಬ ಮೂರು ಹೆಸರು ಬರುವುದು ಟಿಬೆಟಿನ ಪರಂಪರೆಯಲ್ಲಿ. 90 ಲಕ್ಷ, ಮೂರು ತಿಂಗಳು ಎಂಬ ಲೆಕ್ಕಕ್ಕೆ ಆ ಕಾಲದ ದಾಖಲೆಯ ಆಧಾರವಿಲ್ಲ.

ಕ್ರಿ.ಶ. 1200ರ ಆಸುಪಾಸಿನಲ್ಲಿ ತುರ್ಕಿ ಸೇನಾನಿ ಬಖ್ತಿಯಾರ್ ಖಿಲ್ಜಿಯ ದಾಳಿ ಈ ಪ್ರದೇಶದ ವಿಹಾರಗಳನ್ನು ನೆಲಕಚ್ಚಿಸಿತು. ಮಿನ್‌ಹಾಜ್ ಬರೆದ ಪರ್ಷಿಯನ್ ಇತಿಹಾಸದಲ್ಲಿ ಬರುವ ಬಿಹಾರದ ‘ಕೋಟೆ’ಯನ್ನು ಅನೇಕ ವಿದ್ವಾಂಸರು ಹತ್ತಿರದ ಬಿಹಾರ್ ಶರೀಫಿನ ಓದಂತಪುರಿ ವಿಹಾರ ಎಂದು ಗುರುತಿಸುತ್ತಾರೆ. ಅದಾದ ಮೇಲೆ, 1234–36ರ ಸುಮಾರಿಗೆ ಇಲ್ಲಿಗೆ ಬಂದ ಟಿಬೆಟಿನ ಭಿಕ್ಷು ಧರ್ಮಸ್ವಾಮಿ ಕಂಡದ್ದು ಹಾಳಾದ ಕಟ್ಟಡಗಳು, ತೊಂಬತ್ತು ದಾಟಿದ ಆಚಾರ್ಯ ರಾಹುಲ ಶ್ರೀಭದ್ರ, ಎಪ್ಪತ್ತರಷ್ಟು ಶಿಷ್ಯರು. ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯಲಿಲ್ಲ.

ಬೆಂಕಿಯೂ ಒಂದೇ ಅಲ್ಲ. 12ನೇ ಚೈತ್ಯದಲ್ಲಿ ಸಿಕ್ಕ ಶಾಸನ, ಪಾಲ ದೊರೆ ಮಹೀಪಾಲನ 11ನೇ ವರ್ಷದ್ದು, ಬೆಂಕಿಯಲ್ಲಿ ಸುಟ್ಟದ್ದನ್ನು ಬಾಲಾದಿತ್ಯ ಎಂಬಾತ ಮತ್ತೆ ಎತ್ತಿ ನಿಲ್ಲಿಸಿದ ಎನ್ನುತ್ತದೆ. ಅದು ಖಿಲ್ಜಿಗಿಂತ ಸುಮಾರು ಎರಡು ಶತಮಾನ ಹಿಂದಿನ ಮಾತು. ಗೋಡೆಯಲ್ಲಿ ಕಪ್ಪು ಮಸಿ ತೋರಿಸಿ ‘ಇದೇ ಆ ಬೆಂಕಿ’ ಎಂದು ಯಾರಾದರೂ ಹೇಳಿದರೆ, ಅದು ಯಾವ ಹಂತದ ಗೋಡೆ ಎಂದು ಕೇಳಿ. ಪುಸ್ತಕಗಳೂ ಪೂರ್ತಿ ಹೋಗಲಿಲ್ಲ: ನಾಲಂದದಲ್ಲೇ ಬರೆದ, ಪ್ರಜ್ಞಾಪಾರಮಿತೆ ಎಂಬ ಬೌದ್ಧ ಗ್ರಂಥದ ತಾಳೆಗರಿ ಪ್ರತಿಗಳು ಇವತ್ತಿಗೂ ಉಳಿದಿವೆ.

ಮ್ಯೂಸಿಯಂ ನೋಡಲೇಬೇಕೇ? — ಕಾರವಾರ

ನೋಡಲೇಬೇಕು, ಶುಕ್ರವಾರ ಬಿಟ್ಟು. ಶುಕ್ರವಾರ ರಜೆ, ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ. 1917ರಲ್ಲಿ ಆರಂಭವಾದ ಚಿಕ್ಕ ಮ್ಯೂಸಿಯಂ ಇದು. ಕಂಚಿನ ಮೂರ್ತಿಗಳ ಜೊತೆಗೆ ಎರಡು ಸಣ್ಣ ವಸ್ತು ಹುಡುಕಿ. ಒಂದು, ಕರಕಲಾದ ಅಕ್ಕಿ. ಇನ್ನೊಂದು, ಸುಟ್ಟ ಮಣ್ಣಿನ ಮುದ್ರೆ: ಮೇಲೆ ಧರ್ಮಚಕ್ರ, ಅಕ್ಕಪಕ್ಕ ಎರಡು ಜಿಂಕೆ, ಕೆಳಗೆ ‘ಶ್ರೀ ನಾಲಂದಾ ಮಹಾವಿಹಾರೀಯ ಆರ್ಯ ಭಿಕ್ಷುಸಂಘಸ್ಯ’ ಎಂಬ ಅಕ್ಷರ. ಈ ಜಾಗವೇ ನಾಲಂದ ಎಂದು ಅನುಮಾನಕ್ಕೆಡೆ ಇಲ್ಲದಂತೆ ಹೇಳುವುದು ಅಂಗೈಯಲ್ಲಿ ಹಿಡಿಸುವ ಆ ಮುದ್ರೆ.

ತಾಯಿಗೆ 72 ವರ್ಷ, ಮೊಣಕಾಲು ನೋವು. ಕರೆದುಕೊಂಡು ಹೋಗಬಹುದೇ? — ಶಿವಮೊಗ್ಗ

ಧಾರಾಳವಾಗಿ. ನಡುದಾರಿ ಸಮತಟ್ಟು, ಅಲ್ಲಿಂದಲೇ ಸ್ತೂಪ ಮತ್ತು ಚೈತ್ಯಗಳ ಮುಖ ಕಾಣುತ್ತವೆ. ತೊಂದರೆ ವಿಹಾರಗಳ ಒಳಗೆ: ಹೊಸ್ತಿಲು ಎತ್ತರ, ಮೆಟ್ಟಿಲು ಒಂದೊಂದು ಒಂದೊಂದು ಅಳತೆ, ಹಿಡಿಯಲು ಕಂಬಿ ಎಲ್ಲ ಕಡೆ ಇಲ್ಲ. ಅವರನ್ನು ಒಂದು ವಿಹಾರದ ಒಳಗಷ್ಟೇ ಕರೆದೊಯ್ಯಿರಿ. ಪೂರ್ತಿ ಸುತ್ತಿದರೆ ಒಂದೂವರೆ, ಎರಡು ಕಿ.ಮೀ. ನಡಿಗೆಯಾಗುತ್ತದೆ. ಅವಶೇಷಗಳ ನಡುವೆ ನೆರಳು ಕಡಿಮೆ, ಆದ್ದರಿಂದ ಕೊಡೆ ಮತ್ತು ನೀರಿನ ಬಾಟಲಿ ಗೇಟಿನ ಹೊರಗಿನಿಂದಲೇ ಒಳಗೆ ತೆಗೆದುಕೊಂಡು ಹೋಗಿ. ಮಳೆಗಾಲದಲ್ಲಿ ಇಟ್ಟಿಗೆಯ ಮೇಲೆ ಪಾಚಿ ಕಟ್ಟುತ್ತದೆ. ಆಗ ಬೇಡವೇ ಬೇಡ.

ಯಾವಾಗ, ಹೇಗೆ ಹೋಗುವುದು? ಟಿಕೆಟ್ ಎಷ್ಟು? — ಬೆಂಗಳೂರು

ನವೆಂಬರಿನಿಂದ ಮಾರ್ಚ್ ಮೊದಲ ವಾರದವರೆಗೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ದಟ್ಟವಾಗಿ ರೈಲು, ವಿಮಾನ ಎರಡೂ ತಡವಾಗುತ್ತವೆ, ವಾಪಸ್ ಟಿಕೆಟಿಗೆ ಒಂದು ದಿನ ಬಿಡುವು ಇಟ್ಟುಕೊಳ್ಳಿ. ದೀಪಾವಳಿಯ ಮಾರನೇ ವಾರ ಬರುವ ಛಠ್ ಪೂಜೆಗೆ ಪಕ್ಕದ ಬಡಗಾಂವ್‌ನ ಸೂರ್ಯ ದೇವಸ್ಥಾನದ ಕೆರೆಗೆ ಜನಸಾಗರವೇ ಸೇರುತ್ತದೆ. ಆ ನಾಲ್ಕು ದಿನ ಬಾಡಿಗೆ ಗಾಡಿ, ರೂಮು ಸಿಗುವುದು ಕಷ್ಟ.

ಪಟ್ನಾದಿಂದ ರಸ್ತೆಯಲ್ಲಿ ಸುಮಾರು 90 ಕಿ.ಮೀ. ಬೆಂಗಳೂರಿನಿಂದ ವಿಮಾನ ಇದೆ. ರೈಲಿನಲ್ಲಾದರೆ ದಾನಾಪುರಕ್ಕೆ ಸಂಘಮಿತ್ರ ಎಕ್ಸ್‌ಪ್ರೆಸ್, ಎರಡು ದಿನದ ಪ್ರಯಾಣ. ಅಶೋಕನ ಮಗಳ ಹೆಸರಿನ ರೈಲು ಹಿಡಿದು ಬೌದ್ಧ ವಿಹಾರ ನೋಡಲು ಹೋಗುವುದು ಹೊಂದಿಕೆಯಾಗಿಯೇ ಇದೆ. ಬಖ್ತಿಯಾರ್‌ಪುರ–ರಾಜಗೀರ್ ಮಾರ್ಗದಲ್ಲಿ ನಾಲಂದ ಸ್ಟೇಷನ್ ಇದೆ, ಅಲ್ಲಿಂದ ಎರಡು ಮೂರು ಕಿ.ಮೀ. ಆಟೋ. ಉಳಿಯಲು ರಾಜಗೀರ್ ಒಳ್ಳೆಯದು, 12 ಕಿ.ಮೀ. ದೂರ. ದಾರಿಯ ನಡುವೆ ಸಿಲಾವ್‌ನಲ್ಲಿ ಪದರ ಪದರದ ಖಾಜಾ ಮಾಡುತ್ತಾರೆ. ನಮ್ಮ ಚಿರೋಟಿಯ ದೂರದ ನೆಂಟ. ಮಹಾವೀರರ ನಿರ್ವಾಣ ಭೂಮಿ ಪಾವಾಪುರಿಯೂ ಹತ್ತಿರವೇ.

ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅಮೆರಿಕದಿಂದ ಬಂದ ನಿಮ್ಮ ಮಗ, ಮಗಳ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಭಾರತೀಯರ ದರವೇ, ಕಾರ್ಡ್ ಕೈಯಲ್ಲಿರಲಿ. ಗೈಡ್ ಬೇಕಾದರೆ ಗುರುತಿನ ಚೀಟಿ ನೋಡಿ, ಹಣ ಮತ್ತು ಸಮಯ ಎರಡನ್ನೂ ಮೊದಲೇ ಮಾತಾಡಿಕೊಳ್ಳಿ.

ಆಟೋದವರು ಯಾವುದೋ ಯೂನಿವರ್ಸಿಟಿ ಗೇಟಿಗೆ ಬಿಟ್ಟರು! — ಬೆಳಗಾವಿ

‘ನಾಲಂದ ಯೂನಿವರ್ಸಿಟಿ’ ಎಂದಿರಬೇಕು. ಅದು ರಾಜಗೀರ್‌ನಲ್ಲಿರುವ ಹೊಸ ವಿಶ್ವವಿದ್ಯಾಲಯ, ಕ್ಯಾಂಪಸ್ ಉದ್ಘಾಟನೆಯಾದದ್ದು 2024ರ ಜೂನ್‌ನಲ್ಲಿ. ಅವಶೇಷಗಳ ಹತ್ತಿರವೇ 1951ರಲ್ಲಿ ಶುರುವಾದ ನವ ನಾಲಂದ ಮಹಾವಿಹಾರ ಎಂಬ ಸಂಸ್ಥೆಯೂ ಇದೆ. ಹಳೆಯದಕ್ಕೆ ಹೋಗಬೇಕಾದರೆ ‘ನಾಲಂದಾ ಖಂಡಹರ್’ ಎನ್ನಿ. ತಪ್ಪುವುದಿಲ್ಲ.

ಕರ್ನಾಟಕದಲ್ಲಿ ಇಂಥ ವಿಹಾರಗಳಿರಲಿಲ್ಲವೇ? — ಗದಗ

ನಿಮ್ಮ ಜಿಲ್ಲೆಯಲ್ಲೇ ಇತ್ತು. ಡಂಬಳದ 1095ರ ಶಾಸನ ಬೌದ್ಧ ದೇವತೆ ತಾರಾದೇವಿಯ ಸ್ತುತಿಯಿಂದ ಆರಂಭವಾಗಿ, ಅಲ್ಲಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ವಿಷಯ ಹೇಳುತ್ತದೆ. ಬಳ್ಳಿಗಾವಿಯಲ್ಲೂ ಹನ್ನೊಂದನೇ ಶತಮಾನದಲ್ಲಿ ಬೌದ್ಧ ವಿಹಾರವಿತ್ತು. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ದೇವಸ್ಥಾನದಲ್ಲಿದೆ. ಆದರೆ ಕೋಣೆ, ಅಂಗಳ, ಕಾಲುವೆ ಸಮೇತ ನಾಲಂದದ ಹಾಗೆ ಒಳಗೆ ನಡೆದಾಡಬಹುದಾದ ವಿಹಾರ ಈ ಮೂರೂ ಕಡೆ ಉಳಿದಿಲ್ಲ.

ಇನ್ನೊಂದು ಕೊಂಡಿ ಇದೆ. ಟಿಪ್ಪು ಮಡಿದ ಮರುವರ್ಷ, 1800–01ರಲ್ಲಿ ಮೈಸೂರು ಸೀಮೆಯನ್ನು ಊರೂರು ಸುತ್ತಿ ಬೆಳೆ, ನೀರು, ಕಸುಬುಗಳ ಲೆಕ್ಕ ಬರೆದ ಫ್ರಾನ್ಸಿಸ್ ಬುಕಾನನ್, ಹತ್ತು ವರ್ಷದ ನಂತರ ಬಿಹಾರದ ಸರ್ವೆಗೆ ಹೋಗಿ ಬಡಗಾಂವ್‌ನ ಇಟ್ಟಿಗೆ ದಿಬ್ಬಗಳನ್ನು ಕಂಡು ದಾಖಲಿಸಿದ. ಅವು ನಾಲಂದ ಎಂದು ಅವನಿಗೆ ತಿಳಿಯಲಿಲ್ಲ. ಏಳನೇ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್‌ನ ಬರಹದ ದಿಕ್ಕು, ದೂರ ಹಿಡಿದು ಅದನ್ನು ಗುರುತಿಸಿದ್ದು 1861–62ರಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್.